ಮರ ಕುಯ್ಯುವವನ ಜೀವಕ್ಕೂ ಲೆಕ್ಕ ಇರಲಿ: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,
ಹಾಗೂ ಇದನ್ನು ಓದುವ ಕಾಫಿ ಬೆಳೆಗಾರರಿಗೆ,

ನಮಸ್ಕಾರ.

ನಾನು ಮೂಡಿಗೆರೆ ಸೀಮೆಯ ಕಾಫಿ ತೋಟಗಳಲ್ಲಿ ರೈಟರ್ ಆಗಿ ದುಡಿದು ಈಗ ಮನೆಯಲ್ಲಿರುವವನು. ಹಾಜರಿ ಬರೆಯುವುದು, ಕೆಲಸ ಹಂಚುವುದು, ಮರ ಕಡಿಸುವಾಗ ಟೇಪು ಹಿಡಿದು ದಿಮ್ಮಿಗಳ ಅಳತೆ ಬರೆದುಕೊಳ್ಳುವುದು, ಇದೇ ನನ್ನ ಬದುಕಾಗಿತ್ತು. ಈಗಲೂ ಅಕ್ಕಪಕ್ಕದ ತೋಟದವರು ಅಳತೆಗೆ ಕರೆದರೆ ಹೋಗುತ್ತೇನೆ. ಹಾಗಾಗಿ ಈ ಪತ್ರದಲ್ಲಿರುವುದು ಕೇಳಿದ ಮಾತಲ್ಲ, ಕಂಡದ್ದು.

ಕಾಫಿ ಕುಯ್ಲು ಮುಗಿಯುತ್ತಿದ್ದ ಹಾಗೆ ನಮ್ಮ ಕಡೆ ಮರ ಕುಯ್ಯುವ ಮೆಷಿನ್, ಅಂದರೆ ಚೈನ್ ಸಾ, ಸದ್ದು ಶುರುವಾಗುತ್ತದೆ. ಮಳೆ ಹಿಡಿಯುವವರೆಗೂ ನಿಲ್ಲುವುದಿಲ್ಲ. ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೆ ಅಂತ ಹಿಂದಿನವರು ನೆಟ್ಟ ಸಿಲ್ವರ್ ಓಕ್ ಈಗ ತೋಟದ ಬ್ಯಾಂಕ್ ಆಗಿದೆ. ಮಗಳ ಮದುವೆ, ಸಾಲದ ಕಂತು, ಕಾಫಿಗೆ ಬೆಲೆ ಬೀಳುವುದು, ಯಾವುದೇ ಬರಲಿ, ಒಂದು ಲೋಡು ಓಕ್ ಕಡಿಸಿದರೆ ಕೈಗೆ ದುಡ್ಡು ಬರುತ್ತದೆ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಈ ಮರಕ್ಕೆ ವಿನಾಯಿತಿ ಇರುವುದರಿಂದ ಕಡಿಸುವುದೂ ಸುಲಭ. ಲಾರಿಗಳು ಕೇರಳದ ಪೆರುಂಬಾವೂರಿನ ಪ್ಲೈವುಡ್ ಫ್ಯಾಕ್ಟರಿಗಳ ಕಡೆ ಹೋಗುತ್ತವೆ. ಇದರಲ್ಲಿ ನನಗೆ ತಕರಾರಿಲ್ಲ. ನೆಟ್ಟವರು ಕಡಿಯುತ್ತಾರೆ. ತಕರಾರಿರುವುದು ಬುಡದಲ್ಲಿ ಮೆಷಿನ್ ಹಿಡಿದು ನಿಲ್ಲುವ ಹುಡುಗನ ವಿಷಯದಲ್ಲಿ.

ಈ ವರ್ಷ ಮಾರ್ಚ್‌ನಲ್ಲಿ ಒಂದು ತೋಟದಲ್ಲಿ ನಡೆದದ್ದನ್ನು ಹೇಳುತ್ತೇನೆ. ತೋಟದ ಹೆಸರು, ಕಂಟ್ರಾಕ್ಟರ್ ಹೆಸರು ಇಲ್ಲಿ ಬೇಡ, ಯಾಕೆಂದರೆ ನನ್ನ ದೂರು ಅವರೊಬ್ಬರ ಮೇಲಲ್ಲ. ಇಳಿಜಾರಿನಲ್ಲಿ ಒಂದು ದಪ್ಪ ಓಕ್ ಇತ್ತು. ಕೆಳಗಿನ ರಸ್ತೆ ಕಡೆಗೆ ಚೆನ್ನಾಗಿ ವಾಲಿತ್ತು. ಅದನ್ನು ಕುಯ್ಯಲು ನಿಂತವನು ಜಾರ್ಖಂಡಿನಿಂದ ಬಂದ ಹುಡುಗ, ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಕಾಲಲ್ಲಿ ಹವಾಯಿ ಚಪ್ಪಲಿ, ತಲೆಗೆ ಸುತ್ತಿದ ಟವೆಲ್. ವಾಲಿದ ಕಡೆ ನಾಲ್ಕು ಬೆರಳಿನಷ್ಟು ಕಚ್ಚು ತೆಗೆದ. ಆಮೇಲೆ ಹಿಂದಕ್ಕೆ ಬಂದು ನೇರವಾಗಿ ಕುಯ್ಯಲು ಶುರುಮಾಡಿದ. ನಾನು ಕೆಳಗಡೆ ಹಿಂದಿನ ದಿನದ ದಿಮ್ಮಿಗಳ ಅಳತೆ ಹಿಡಿಯುತ್ತಿದ್ದೆ. ಅರ್ಧ ಕುಯ್ದಿರಬೇಕು, ಬಂದೂಕು ಹೊಡೆದ ಹಾಗೆ ಶಬ್ದ ಬಂತು. ಓಡಿ ಹೋಗಿ ನೋಡಿದರೆ ಮರ ಬುಡದಿಂದ ಆಳೆತ್ತರಕ್ಕೂ ಮೇಲೆ ಉದ್ದಕ್ಕೆ ಸೀಳಿಹೋಗಿತ್ತು. ಹಿಂದಿನ ಸೀಳು ಹಿಂದಕ್ಕೆ ಚಿಮ್ಮಿ ಹುಡುಗನ ಎದೆಗೆ ಹೊಡೆದಿತ್ತು. ಮೆಷಿನ್ ಪಕ್ಕದ ಕಾಫಿ ಗಿಡದ ಬುಡದಲ್ಲಿ ಬಿದ್ದು ಇನ್ನೂ ಓಡುತ್ತಿತ್ತು. ಜೀಪಿನಲ್ಲಿ ಹಾಕಿಕೊಂಡು ಹೋದರೂ ತಾಲ್ಲೂಕು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ಪೊಲೀಸರು ಬಂದರು, ಮಹಜರು ಮಾಡಿದರು, ಅಸಹಜ ಸಾವು ಅಂತ ದಾಖಲಿಸಿಕೊಂಡರು. 'ಮರ ಬಿದ್ದು ಸಾವು' ಎಂದು ಕಾಗದದಲ್ಲಿ ಬರೆದರು. ನಾನೂ ಸಹಿ ಹಾಕಬೇಕಿತ್ತು. ಸ್ವಾಮಿ, ಮರ ಬಿದ್ದಿಲ್ಲ, ಅಲ್ಲೇ ನಿಂತಿದೆ ನೋಡಿ ಅಂದೆ. ತಿದ್ದಿದರು. ಮರುದಿನ ಅದೇ ತಂಡದ ಇನ್ನೊಬ್ಬ ಬಂದು ಅದೇ ಮರವನ್ನು ಉರುಳಿಸಿದ. ಅವನ ಕಾಲಲ್ಲೂ ಚಪ್ಪಲಿಯೇ ಇತ್ತು.

ಊರಿನಲ್ಲಿ ಎಲ್ಲರೂ 'ಅವನ ಟೈಮ್ ಸರಿ ಇರಲಿಲ್ಲ' ಅಂದರು. ಸಚಿವರೇ, ನಾನು ಒಪ್ಪುವುದಿಲ್ಲ. ಮುಂದಕ್ಕೆ ವಾಲಿದ ಮರವನ್ನು ಹಿಂದಿನಿಂದ ನೇರ ಕುಯ್ಯುತ್ತಾ ಹೋದರೆ ಸೀಳುತ್ತದೆ ಎನ್ನುವುದು ಜಗತ್ತಿನಲ್ಲಿ ಮರ ಕಡಿಯುವವರಿಗೆಲ್ಲ ಗೊತ್ತಿರುವ ವಿಷಯ. ಮೇಲಿನ ಭಾರ ಮುಂದಕ್ಕೆ ಎಳೆಯುತ್ತಿರುತ್ತದೆ. ಮುಂದಿನ ಕಚ್ಚು ಆಳ ಸಾಲದೆ, ಹಿಂದಿನ ಕುಯ್ತ ಇನ್ನೂ ಮುಗಿಯದೆ ಇದ್ದಾಗ ಮರ ಬಾಗಲು ಆಗದೆ ನಾರಿನ ಉದ್ದಕ್ಕೆ ಬಿರಿಯುತ್ತದೆ. ಇದಕ್ಕೆ ದಾರಿ ಇದೆ. ಮುಂದಿನ ಕಚ್ಚನ್ನು ಅಗಲವಾಗಿ ಬಾಯಿ ಬಿಡುವ ಹಾಗೆ ತೆಗೆಯಬೇಕು. ಆಮೇಲೆ ಹಿಂದಿನ ಅಂಚನ್ನು ಮುಟ್ಟದೆ, ಬಾರ್‌ನ (ಚೈನ್ ಸುತ್ತುವ ಉದ್ದ ಅಲಗಿನ) ತುದಿಯನ್ನು ಪಕ್ಕದಿಂದ ಮರದೊಳಕ್ಕೆ ತೂರಿಸಿ ಒಳಗಿಂದ ಹಿಂದಕ್ಕೆ ಕುಯ್ದುಕೊಂಡು ಬರಬೇಕು. ಕೊನೆಗೆ ಹಿಂದೆ ಒಂದು ಪಟ್ಟಿಯಷ್ಟು ಮರ ಮಾತ್ರ ಹಿಡಿದುಕೊಂಡಿರುತ್ತದೆ. ಎಲ್ಲರೂ ದೂರ ಇದ್ದಾರಾ ಅಂತ ನೋಡಿ ಆ ಪಟ್ಟಿಯನ್ನು ಕತ್ತರಿಸಿದರೆ ಮರ ಸೀಳದೆ ಹೋಗುತ್ತದೆ. ಆದರೆ ಇದನ್ನು ಓದಿ ಕಲಿಯಲಿಕ್ಕೆ ಆಗಲ್ಲ. ತೂರಿಸುವಾಗ ಬಾರ್ ತುದಿಯ ಮೇಲಿನ ಅಂಚು ಮರಕ್ಕೆ ತಾಗಿದರೆ ಮೆಷಿನ್ ಕ್ಷಣದಲ್ಲಿ ಮುಖದ ಕಡೆಗೆ ನೆಗೆಯುತ್ತದೆ. ಗೊತ್ತಿರುವವನು ಪಕ್ಕದಲ್ಲಿ ನಿಂತು ಕಲಿಸಬೇಕು. ಆ ಹುಡುಗನಿಗೆ ಹಾಗೆ ಕಲಿಸಿದವರು ಯಾರೂ ಇರಲಿಲ್ಲ. ಹಿಂದಿನ ವರ್ಷ ಇನ್ನೊಬ್ಬನ ಜೊತೆ ದಿಮ್ಮಿ ಹೊರುತ್ತಿದ್ದವನಂತೆ. ಮೆಷಿನ್‌ನವನು ಊರಿಗೆ ಹೋದ, ಇವನ ಕೈಗೆ ಬಂತು.

ವಾಲದೆ ನೆಟ್ಟಗಿರುವ ಮರದ್ದೂ ಒಂದು ಲೆಕ್ಕ ಇದೆ. ಮರ ಬೀಳಬೇಕಾದ ಕಡೆ, ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಕಚ್ಚು. ಅದರ ಮೇಲಿನ ಕುಯ್ತ ಮತ್ತು ಕೆಳಗಿನ ಕುಯ್ತ ಒಂದೇ ಗೆರೆಯಲ್ಲಿ ಕೂಡಬೇಕು, ಒಂದನ್ನೊಂದು ದಾಟಬಾರದು. ಹಿಂದಿನ ಕುಯ್ತ ಅದಕ್ಕಿಂತ ಒಂದೆರಡು ಇಂಚು ಮೇಲೆ. ಎರಡರ ನಡುವೆ ದಪ್ಪದ ಹತ್ತನೇ ಒಂದು ಭಾಗ ಕುಯ್ಯದೆ ಬಿಡಬೇಕು. 20 ಇಂಚಿನ ಮರಕ್ಕೆ 2 ಇಂಚು. ಬಾಗಿಲಿಗೆ ಬಿಜಾಗರಿ ಇದ್ದ ಹಾಗೆ ಅದು. ಮರ ನೆಲ ಮುಟ್ಟುವವರೆಗೆ ದಾರಿ ತಪ್ಪದ ಹಾಗೆ ಹಿಡಿದುಕೊಂಡು ಹೋಗುವುದು ಅದೊಂದೇ. ನಮ್ಮಲ್ಲಿ ಹತ್ತರಲ್ಲಿ ಎಂಟು ಕಡೆ ಅದನ್ನು ಪೂರ್ತಿ ಕುಯ್ದುಬಿಡುತ್ತಾರೆ. ಕಡಿದಾದ ಮೇಲೆ ಮೋಟಿನ ಮೇಲೆ ನೋಡಿದರೆ ಗೊತ್ತಾಗುತ್ತದೆ. ಸರಿಯಾಗಿ ಬಿದ್ದ ಮರದ ಮೋಟಿನಲ್ಲಿ ಒಂದು ಸಾಲು ನಾರು ಕಿತ್ತು ನಿಂತಿರುತ್ತದೆ. ನಮ್ಮ ತೋಟಗಳ ಮೋಟುಗಳು ಮೇಜಿನ ಹಲಗೆಯಂತೆ ನುಣ್ಣಗಿರುತ್ತವೆ. ನೋಡುವವರಿಗೆ ಅಂದ. ನನಗೆ ಎದೆ ಝಲ್ಲೆನ್ನುತ್ತದೆ, ಯಾಕೆಂದರೆ ಆ ಮರ ಯಾವ ಕಡೆಗೆ ಬೇಕಾದರೂ ಹೋಗಬಹುದಿತ್ತು.

ಇನ್ನು ಬುಡದಲ್ಲಿ ನಿಲ್ಲುವ ಮಾತು. ತರಬೇತಿ ಕೊಡುವವರು ಹೇಳುವ ಒಂದು ಲೆಕ್ಕ ಇದೆ: ಮರ ಉರುಳಿಸುವಾಗಿನ ಅಪಘಾತಗಳಲ್ಲಿ ನೂರಕ್ಕೆ ತೊಂಬತ್ತು ಮರ ಅಲುಗಿದ ಮೊದಲ 15 ಸೆಕೆಂಡಿನಲ್ಲಿ, ಮೋಟಿನಿಂದ 5 ಅಡಿಯೊಳಗೆ ಆಗುತ್ತವೆ ಅಂತ. ನಾನು ಕಂಡದ್ದಕ್ಕೂ ಇದು ಸರಿಹೊಂದುತ್ತದೆ. ಬೀಳುವ ಮರದ ಬುಡ ಮೇಲಕ್ಕೆ ಹಾರುತ್ತದೆ, ಹಿಂದಕ್ಕೆ ಜಾರುತ್ತದೆ. ಮೇಲೆ ಒಣಗಿದ ಕೊಂಬೆ ಇದ್ದರೆ ಕಳಚಿ ಬೀಳುತ್ತದೆ. ಓಕ್ ಕೊಂಬೆ ಮೊದಲೇ ಪೆಳಸು. ಮೆಣಸಿನ ಬಳ್ಳಿ ಪಕ್ಕದ ಮರಕ್ಕೆ ಹಬ್ಬಿದ್ದರೆ ಅದನ್ನೂ ಎಳೆದುಕೊಂಡು ಬರುತ್ತದೆ. ಹಾಗಾಗಿ ಮರ ಕರಕ್ ಅಂದ ತಕ್ಷಣ ಬುಡ ಬಿಟ್ಟು ಹೋಗಬೇಕು. ಎಲ್ಲಿಗೆ? ಬೀಳುವ ದಿಕ್ಕಿಗೆ ಬೆನ್ನು ಹಾಕಿ, ನೇರ ಹಿಂದಕ್ಕೂ ಅಲ್ಲ, ಓರೆಯಾಗಿ. ಆ ದಾರಿಯನ್ನು ಮೆಷಿನ್ ಸ್ಟಾರ್ಟ್ ಮಾಡುವ ಮೊದಲೇ ಎರಡೂ ಪಕ್ಕ ಮಾಡಿಟ್ಟುಕೊಂಡಿರಬೇಕು.

ಇಲ್ಲೇ ಬೆಳೆಗಾರರಿಗೆ ಒಂದು ಮಾತು. ಕಾಫಿ ತೋಟದ ನಡುವೆ ಆ ದಾರಿ ಎಲ್ಲಿದೆ? ಅರೇಬಿಕಾ ಗಿಡಗಳು ಐದಾರು ಅಡಿಗೊಂದು. ಮೊಳಕಾಲಿಂದ ಎದೆಯವರೆಗೆ ಕೊಂಬೆ ಹೆಣೆದುಕೊಂಡಿರುತ್ತವೆ. ಓಡಬೇಕಾದವನು ಈಜಬೇಕು. ಎರಡು ಗಿಡ ಸವರಿ ದಾರಿ ಮಾಡಿಕೊಳ್ಳೋಣ ಅಂದರೆ ಮೇಸ್ತ್ರಿ ಬೈಯುತ್ತಾನೆ, ಮಾಲೀಕರು ಲೆಕ್ಕ ಕೇಳುತ್ತಾರೆ. 'ಗಿಡಕ್ಕೆ ಏಟು ಬೀಳಬಾರದು' ಎನ್ನುವುದು ಕಂಟ್ರಾಕ್ಟಿನ ಮೊದಲ ಷರತ್ತು, ಗಿಡಕ್ಕಿಷ್ಟು ಅಂತ ದಂಡವೂ ಇರುತ್ತದೆ. ಈ ಷರತ್ತಿಗೋಸ್ಕರ ಮರವನ್ನು ಅದು ಬೀಳಲು ಒಪ್ಪುವ ಕಡೆ ಬಿಟ್ಟು ಗಿಡದ ಸಾಲಿನ ನಡುವೆ ಬೀಳಿಸಲು ಒದ್ದಾಡುತ್ತಾರೆ. ಕಡಿದು ಸವರಿದ ಕಾಫಿ ಗಿಡ ಮತ್ತೆ ಚಿಗುರುತ್ತದೆ, ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮರಕ್ಕೆ ಮೂರೋ ನಾಲ್ಕೋ ಗಿಡ ಹೋಗಲಿ ಅಂತ ಕಂಟ್ರಾಕ್ಟಿನಲ್ಲೇ ಬರೆದುಬಿಡಿ. ದಂಡದ ಸಾಲು ತೆಗೆದುಹಾಕಿ.

ಹಗ್ಗದ ವಿಷಯ ಇನ್ನೂ ಕೆಟ್ಟದ್ದು. ಮರ ಬೇಕಾದ ಕಡೆಗೆ ಬರಲಿ ಅಂತ ಮೇಲೆ ಹಗ್ಗ ಕಟ್ಟಿ ನಾಲ್ಕೈದು ಜನ ಎಳೆಯುತ್ತಾರೆ. ಅವರು ನಿಂತಿರುವುದು ಎಲ್ಲಿ? ಮರ ಬೀಳುವ ಗೆರೆಯಲ್ಲೇ. ಎಂಬತ್ತಡಿ ಮರಕ್ಕೆ ಅರವತ್ತಡಿ ಹಗ್ಗ! ಮರ ಬಂದಾಗ ಹಗ್ಗ ಬಿಟ್ಟು ಓಡಬೇಕು. ಮರದ ಎತ್ತರಕ್ಕಿಂತ ಬಹಳ ಉದ್ದದ ಹಗ್ಗ ಬೇಕು, ಅಥವಾ ಇನ್ನೊಂದು ಮರದ ಬುಡಕ್ಕೆ ರಾಟೆ ಕಟ್ಟಿ ಅದರ ಮೂಲಕ ಪಕ್ಕದಿಂದ ಎಳೆಯಬೇಕು. ಒಂದು ರಾಟೆಯ ಬೆಲೆ ಒಂದು ದಿನದ ಡೀಸೆಲ್ ಖರ್ಚಿಗಿಂತ ಜಾಸ್ತಿ ಇರಲಾರದು. ಕೆಲವು ಕಡೆ ಈಗ ಜೆಸಿಬಿಯಲ್ಲಿ ಎಳೆಸುತ್ತಾರೆ. ಬುಡದಲ್ಲಿ ಕುಯ್ಯುವವನು ಏನು ಮಾಡುತ್ತಿದ್ದಾನೆ ಅಂತ ಜೆಸಿಬಿಯವನಿಗೆ ಕಾಣುವುದಿಲ್ಲ. ಮೆಷಿನ್ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. ಒಂದು ಸೀಟಿ ಇಲ್ಲ, ಕೈಸನ್ನೆ ಇಲ್ಲ. ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಬಾರದು ಎನ್ನುವುದು ಎಲ್ಲ ಕಡೆ ಒಪ್ಪಿದ ನಿಯಮ. ನಮ್ಮಲ್ಲಿ ಪಕ್ಕದ ಪಟ್ಟೆಯಲ್ಲೇ ಹೆಂಗಸರು ಚಿಗುರು ತೆಗೆಯುತ್ತಿರುತ್ತಾರೆ.

ಬಿದ್ದ ಮರ ಹಲಸಿಗೋ ಅತ್ತಿಗೋ ಸಿಕ್ಕಿಹಾಕಿಕೊಂಡಾಗ ಏನು ಮಾಡುತ್ತಾರೆ ಎನ್ನುವುದನ್ನು ಬರೆಯಲು ಕೈ ನಡುಗುತ್ತದೆ. ಅದರ ಅಡಿಗೇ ಹೋಗಿ ತುಂಡು ತುಂಡಾಗಿ ಕುಯ್ಯುತ್ತಾರೆ, ಇಲ್ಲವೇ ಹಿಡಿದುಕೊಂಡಿರುವ ಮರವನ್ನೇ ಕಡಿಯುತ್ತಾರೆ. ಎರಡೂ ಮಾಡಬಾರದ್ದು. ದೂರದಿಂದ ವಿಂಚ್ ಹಾಕಿ ಬುಡ ಎಳೆಯಬೇಕು, ಅಲ್ಲಿಯವರೆಗೆ ಆ ಜಾಗಕ್ಕೆ ಯಾರನ್ನೂ ಬಿಡಬಾರದು.

ಇದೆಲ್ಲ ಹುಡುಗರ ಅಸಡ್ಡೆ ಅಂತ ಹೇಳಿ ಕೈತೊಳೆದುಕೊಳ್ಳುವವರು ಇದ್ದಾರೆ. ಅವರಿಗೆ ಟನ್ ಲೆಕ್ಕದಲ್ಲಿ ಕೂಲಿ. ಸಂಜೆಯೊಳಗೆ ಲೋಡು ಆಗಬೇಕು. ನಿಧಾನಕ್ಕೆ ಮರದ ಸುತ್ತ ಒಂದು ಸುತ್ತು ಬಂದು, ಮೇಲೆ ನೋಡಿ, ದಾರಿ ಮಾಡಿಕೊಂಡು, ಬೆಣೆ ಹೊಡೆದು ಕೆಲಸ ಮಾಡುವವನಿಗೆ ದುಡ್ಡು ಕಡಿಮೆ. ಕಾಲಿಗೆ ಹಾಕುವ ರಕ್ಷಣೆಯ ಪ್ಯಾಂಟ್ ಇದೆ, ಒಳಗೆ ಉದ್ದ ಎಳೆಗಳಿರುತ್ತವೆ, ಚೈನ್ ತಾಗಿದರೆ ಆ ಎಳೆ ಸುತ್ತಿಕೊಂಡು ಮೆಷಿನ್ ನಿಂತುಬಿಡುತ್ತದೆ. ತೊಡೆಯ ರಕ್ತನಾಳ ತುಂಡಾದರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಸಿಗುವುದಿಲ್ಲ, ನಮ್ಮ ಕಡೆ ಎಷ್ಟೋ ತೋಟಗಳಲ್ಲಿ 108ಕ್ಕೆ ಫೋನ್ ಮಾಡಲು ನೆಟ್‌ವರ್ಕ್ ಕೂಡ ಇಲ್ಲ. ಬಿಸಿಲಿಗೆ ಆ ಪ್ಯಾಂಟ್ ಸೆಖೆ ಎನ್ನುವುದು ನಿಜ. ನಾನೂ ಒಮ್ಮೆ ಹಾಕಿ ನೋಡಿದ್ದೇನೆ, ಸೆಖೆಯೇ. ಆದರೆ ಅದನ್ನು ಬೇಡ ಅನ್ನುವ ಮಾತು ಬರಬೇಕಾದರೆ ಯಾರಾದರೂ ಒಂದು ಸಲ ಕೊಟ್ಟಿರಬೇಕಲ್ವಾ? ನಾನು ಕಂಡ ಯಾವ ಕಂಟ್ರಾಕ್ಟರೂ ಕೊಟ್ಟಿದ್ದಿಲ್ಲ. ಮೆಷಿನ್ ಮುಂದಿನ ಚೈನ್ ಬ್ರೇಕಿನ ಹಿಡಿ ಅಡ್ಡ ಬರುತ್ತದೆ ಅಂತ ಬಿಚ್ಚಿ ಇಟ್ಟಿರುವುದನ್ನು ಮಾತ್ರ ಬೇಕಾದಷ್ಟು ಕಂಡಿದ್ದೇನೆ.

ಸಚಿವರೇ, ಈಗ ಹೊಣೆಯ ಪ್ರಶ್ನೆಗೆ ಬರುತ್ತೇನೆ. ಮಾಲೀಕರನ್ನು ಕೇಳಿದರೆ ಮರ ಕಂಟ್ರಾಕ್ಟರಿಗೆ ಮಾರಿಯಾಗಿದೆ, ಆಳು ನಮ್ಮವರಲ್ಲ ಅನ್ನುತ್ತಾರೆ. ಕಂಟ್ರಾಕ್ಟರು ಮೆಷಿನ್ ತಂಡಕ್ಕೆ ಒಳಗುತ್ತಿಗೆ ಕೊಟ್ಟಿರುತ್ತಾನೆ. ತಂಡದ ಮೇಸ್ತ್ರಿ ಅಪಘಾತದ ಮರುದಿನ ಫೋನ್ ಆಫ್ ಮಾಡಿರುತ್ತಾನೆ. ಕಂಟ್ರಾಕ್ಟ್ ಕೊಟ್ಟ ಮೂಲ ಮಾಲೀಕನೂ ಪರಿಹಾರಕ್ಕೆ ಹೊಣೆ ಎಂದು 1923ರ ಪರಿಹಾರ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತಿತ್ತು. ಆದರೆ ಆ ಕೆಲಸ ಮಾಲೀಕನ ವ್ಯವಹಾರದ ಭಾಗವಾಗಿರಬೇಕು ಎನ್ನುವ ಮಾತು ಅದರಲ್ಲಿತ್ತು. ಕಾಫಿ ಬೆಳೆಯುವವನಿಗೆ ಮರ ಕಡಿಸುವುದು ವ್ಯವಹಾರವೋ ಅಲ್ಲವೋ? ಅಲ್ಲಿಂದಲೇ ವಾದ ಶುರು. ಜಾರ್ಖಂಡಿನ ಹಳ್ಳಿಯಲ್ಲಿ ಕೂತ ತಾಯಿ ಆ ವಾದ ಮಾಡಲು ಇಲ್ಲಿಗೆ ಬರುತ್ತಾಳಾ? 1951ರ ತೋಟ ಕಾರ್ಮಿಕರ ಕಾಯ್ದೆ 5 ಹೆಕ್ಟೇರ್ ಮತ್ತು 15 ಕೆಲಸಗಾರರು ಇದ್ದಲ್ಲಿಂದ ಶುರುವಾಗುತ್ತಿತ್ತು. ನಮ್ಮಲ್ಲಿ ಬಹುಪಾಲು ಬೆಳೆಗಾರರು ಸಣ್ಣವರು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ. ಅದರ ಕೆಳಗೆ ನಿಯಮ ಮಾಡುವಾಗ ರಾಜ್ಯಕ್ಕೂ ಕೈ ಇದೆ. ಅದಕ್ಕೇ ಈ ಪತ್ರ ನಿಮಗೆ.

ಮೊದಲು ಬೇಕಾಗಿರುವುದು ಎಣಿಕೆ. ಅಮೆರಿಕದಲ್ಲಿ 2023ರಲ್ಲಿ ಮರ ಕಡಿಯುವ ಕೆಲಸಗಾರರಲ್ಲಿ ಲಕ್ಷಕ್ಕೆ 98.9 ಜನ ಕೆಲಸದಲ್ಲಿ ಸತ್ತರು, ಎಲ್ಲ ಕೆಲಸಗಳನ್ನೂ ಸೇರಿಸಿದರೆ ಲಕ್ಷಕ್ಕೆ 3.5 ಎಂದು ಅಲ್ಲಿನ ಸರ್ಕಾರದ ಲೆಕ್ಕ ಹೇಳುತ್ತದೆ. ತರಬೇತಿ, ಹೆಲ್ಮೆಟ್ಟು, ನಿಯಮ ಎಲ್ಲ ಇರುವ ಕಡೆಯ ಲೆಕ್ಕ ಅದು. ನಮ್ಮ ಮೂರು ಜಿಲ್ಲೆಗಳ ಸಾವುಗಳು ಠಾಣೆಗಳ ಅಸಹಜ ಸಾವಿನ ಫೈಲುಗಳಲ್ಲಿ ಮಲಗಿವೆ. ಹಾಸನ, ಚಿಕ್ಕಮಗಳೂರು, ಕೊಡಗಿನ ಠಾಣೆಗಳಿಂದ ಮರ ಕಡಿಯುವಾಗಿನ ಸಾವುಗಳ ಪಟ್ಟಿಯನ್ನು ನಿಮ್ಮ ಇಲಾಖೆ ತರಿಸಿಕೊಳ್ಳಲಿ. ಪ್ರತಿಯೊಂದರ ಮುಂದೆ ಅದು ಹೇಗಾಯಿತು ಅಂತ ಬರೆಸಲಿ. ಸೀಳಿತೇ, ಕೊಂಬೆ ಬಿತ್ತೇ, ಹಗ್ಗ ಎಳೆಯುವವರ ಮೇಲೆ ಬಂತೇ, ಚೈನ್ ತಾಗಿತೇ? ಆಗ ಯಾವುದನ್ನು ಮೊದಲು ಕಲಿಸಬೇಕು ಅಂತ ಗೊತ್ತಾಗುತ್ತದೆ.

ಎರಡನೆಯದು ತರಬೇತಿ. ಹೊಸದೇನೂ ಕಂಡುಹಿಡಿಯಬೇಕಾಗಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತೆಂಗಿನ ಮರ ಹತ್ತುವವರಿಗೆ ತರಬೇತಿ ಕೊಡುತ್ತಿದೆ, ಹತ್ತುವ ಸಾಧನ ಕೊಡುತ್ತದೆ, ಕೇರ ಸುರಕ್ಷಾ ಎನ್ನುವ ವಿಮೆ ಕೂಡ ಇದೆ. ತೆಂಗಿನ ಮರ ಹತ್ತುವವನಿಗೆ ಸಿಕ್ಕಿದ್ದು ಓಕ್ ಕುಯ್ಯುವವನಿಗೆ ಯಾಕಿಲ್ಲ? ನಮ್ಮಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ. ಕಲಿಸುವವರನ್ನು ತಯಾರು ಮಾಡಲು ಜಾಗ ಇದೆ ಅಂತಾಯಿತು. ಪಾಠ ಹಿಂದಿಯಲ್ಲೂ ಇರಬೇಕು, ಅಸ್ಸಾಮಿ ಬಂಗಾಳಿಯಲ್ಲೂ ಇರಬೇಕು. ಕನ್ನಡದಲ್ಲಿ ಪಾಂಪ್ಲೆಟ್ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರೆ ಸುಮ್ನೆ ಕಾಗದ ದಂಡ.

ಚೈನ್ ಸಾ ಕೊಳ್ಳಲು ಸರ್ಕಾರವೇ ಯಾಂತ್ರೀಕರಣ ಯೋಜನೆಯಲ್ಲಿ ಸಬ್ಸಿಡಿ ಕೊಡುತ್ತದೆ. ಒಳ್ಳೆಯದೇ. ಅದೇ ಸಬ್ಸಿಡಿಗೆ ಹೆಲ್ಮೆಟ್, ಕಾಲಿನ ರಕ್ಷಣೆ, ಒಂದು ಜೊತೆ ಬೂಟು ಕಡ್ಡಾಯವಾಗಿ ಸೇರಲಿ, ಮೂರು ದಿನ ಕಲಿತ ಮೇಲೆಯೇ ಮೆಷಿನ್ ಕೈಗೆ ಬರಲಿ. ಕೃಷಿ ಮತ್ತು ತೋಟಗಾರಿಕೆ ಸಚಿವರ ಜೊತೆ ನೀವು ಕೂತು ಮಾತಾಡಿದರೆ ಇದು ಆಗುವ ಕೆಲಸ. ಬ್ರಿಟನ್ನಿನಲ್ಲಿ ಕೂಲಿಗೆ ಮರ ಕಡಿಯುವವನ ಬಳಿ ಸಾಮರ್ಥ್ಯದ ಪ್ರಮಾಣಪತ್ರ ಇರಬೇಕು. ನಾಳೆಯೇ ಹಾಗೆ ಮಾಡಿ ಅಂತ ನಾನು ಕೇಳುತ್ತಿಲ್ಲ. ಸರ್ಟಿಫಿಕೇಟು ಕಡ್ಡಾಯ ಅಂದ ಮರುದಿನ ಅದನ್ನು ಮಾರುವ ಅಂಗಡಿ ತೆರೆಯುತ್ತದೆ, ಅದೂ ಗೊತ್ತು. ಕಲಿಸುವುದು ಮೊದಲು ನಡೆಯಲಿ.

ವಿಮೆ ದೊಡ್ಡ ಖರ್ಚೇನಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಮಾರ್ಚ್‌ನಲ್ಲಿ ಹೋದ ಹುಡುಗನಿಗೆ ಅದೂ ಇರಲಿಲ್ಲ. ಬ್ಯಾಂಕ್ ಖಾತೆ ಇತ್ತು, ಹೇಳಿದವರು ಇರಲಿಲ್ಲ. ಮಾಲೀಕರು ಕೈಯಿಂದ ಒಂದಿಷ್ಟು ಕೊಟ್ಟರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೆ ಒಬ್ಬರ ಒಳ್ಳೆಯತನದ ಮೇಲೆ ನಿಂತ ಪರಿಹಾರ ಮುಂದಿನ ತೋಟದಲ್ಲಿ ಸಿಗುತ್ತದೆ ಅನ್ನುವ ಹಾಗಿಲ್ಲ. ಮರ ಮಾರುವ ಕರಾರಿನಲ್ಲಿ ಕುಯ್ಯುವವರ ಹೆಸರು, ವಿಮೆಯ ನಂಬರು ಇರಲೇಬೇಕು, ಇಲ್ಲದಿದ್ದರೆ ಮಾಲೀಕ ಮತ್ತು ಕಂಟ್ರಾಕ್ಟರ್ ಇಬ್ಬರೂ ಹೊಣೆ ಎಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆಸಿ.

ಮಳೆಗಾಲದಲ್ಲಿ ರಸ್ತೆಗೆ, ಕರೆಂಟ್ ಲೈನಿಗೆ ಮರ ಬಿದ್ದಾಗ ರಾತ್ರಿ ಹನ್ನೆರಡಕ್ಕೂ ಕರೆಯುವುದು ಇದೇ ಹುಡುಗರನ್ನು. ಬಾಗಿ ಬಿಗಿದು ನಿಂತ ಕೊಂಬೆಯನ್ನು ಟಾರ್ಚ್ ಬೆಳಕಿನಲ್ಲಿ ಕುಯ್ಯುತ್ತಾರೆ. ಅದು ಸರ್ಕಾರದ್ದೇ ಕೆಲಸ. ಹಾಗಾಗಿ ಇದನ್ನು ಖಾಸಗಿ ತೋಟದ ವಿಷಯ ಅಂತ ಬದಿಗಿಡಲು ಆಗುವುದಿಲ್ಲ.

ಮುಂದಿನ ಕಡಿತ ಜನವರಿ ಕೊನೆಗೆ ಶುರುವಾಗುತ್ತದೆ. ಅದಕ್ಕೆ ಮೊದಲು ನಮ್ಮ ತಾಲ್ಲೂಕಿನಲ್ಲಿ ಒಂದು ಶಿಬಿರವಾದರೂ ಆಗಲಿ ಎಂದು ಕೇಳುತ್ತೇನೆ. ಮರದ ಚಿಂತೆ ಬೇಡ. ನನ್ನ ಪರಿಚಯದ ಬೆಳೆಗಾರರೊಬ್ಬರು ಕಡಿಯಲು ಗುರುತು ಹಾಕಿದ ಹತ್ತು ಓಕ್ ಮರಗಳನ್ನು ತರಬೇತಿಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ಅದರಲ್ಲಿ ಎರಡು ಚೆನ್ನಾಗಿ ವಾಲಿವೆ. ಸುತ್ತಲಿನ ಗಿಡ ಸವರಲೂ ಅವರ ಒಪ್ಪಿಗೆ ಇದೆ. ಹುಡುಗರನ್ನು ಕರೆದುಕೊಂಡು ಬರುವ ಕೆಲಸ ನನ್ನದು. ಕಲಿಸುವವರನ್ನು ನೀವು ಕಳಿಸಿಕೊಡಿ.

ಇಂತಿ,
ನಿವೃತ್ತ ತೋಟದ ರೈಟರ್,
ಮೂಡಿಗೆರೆ ತಾಲ್ಲೂಕು